ಕಡಲ ಊರಿನವರನ್ನು ನಕ್ಷೆ ಬರೆಯುವ ಮೊದಲು ಕೇಳಿ

ತಗಡೂರಿನಿಂದ ಅರಬ್ಬಿ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಂಜನಗೂಡು, ತಿ. ನರಸೀಪುರ ಕಡೆಯವರಿಗೆ ಮೀನು ಎಂದರೆ ಕೆರೆ ಮೀನು, ಹೊಳೆ ಮೀನು. ಕಾಟ್ಲಾ, ರೋಹು, ಜಿಲೇಬಿ. ಕಡಲಿನ ಬಂಗುಡೆ, ಬೂತಾಯಿ ನಮ್ಮ ಸಂತೆಗೆ ಬರುವುದು ಐಸ್ ಪೆಟ್ಟಿಗೆಯಲ್ಲಿ. ಅದನ್ನು ಹಿಡಿದವರು ಯಾರು, ಯಾವ ದಡದಲ್ಲಿ ಇಳಿಸಿದರು ಎಂದು ನಾವು ಕೇಳುವುದಿಲ್ಲ, ಕೇಳುವುದು ರೇಟು ಮಾತ್ರ.

ಹೀಗಿರುವಾಗ ಕರಾವಳಿಯ ಬಂದರು ಗಲಾಟೆ ಬಗ್ಗೆ ಇಲ್ಲಿ ಕೂತು ನಾವೇಕೆ ಬರೆಯಬೇಕು ಎಂದು ನೀವು ಕೇಳಬಹುದು. ಅಲ್ಲಿ ನಡೆಯುತ್ತಿರುವುದು ಬರೀ ಮೀನಿನ ಜಗಳವಲ್ಲ, ಅದಕ್ಕೇ ಬರೆಯುತ್ತಿದ್ದೇವೆ. ಒಂದು ಊರಿನ ಮುಂದಿನ ಐವತ್ತು ವರ್ಷವನ್ನು ಯಾರು ಯೋಚಿಸಬೇಕು, ಯಾವಾಗ ಊರಿನವರನ್ನು ಕೇಳಬೇಕು ಎಂಬ ಜಗಳ ಅದು. ಈ ಪ್ರಶ್ನೆ ಕಡಲಿಗೂ ಒಂದೇ, ಕೆರೆಗೂ ಒಂದೇ.

ಮೊದಲು ಕೇಣಿಯ ವಿಷಯ ನೋಡೋಣ. ಕೇಣಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಪಕ್ಕದಲ್ಲಿ. ಮೀನುಗಾರರ ಊರು. ಅಲ್ಲಿ ದೊಡ್ಡ ವಾಣಿಜ್ಯ ಬಂದರು ಕಟ್ಟುವುದೆಂದು ತೀರ್ಮಾನವಾಗಿ, 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಗುತ್ತಿಗೆ ಪತ್ರ ಸಿಕ್ಕಿತು. ಯೋಜನೆಯ ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ವರ್ಷಕ್ಕೆ 3 ಕೋಟಿ ಟನ್ ಸರಕು ನಿಭಾಯಿಸುವ ಲೆಕ್ಕ. ಪರಿಸರ ಕುರಿತ ಸಾರ್ವಜನಿಕ ಅಹವಾಲು ಸಭೆ ನಡೆದದ್ದು 2025ರ ಆಗಸ್ಟ್ 22ರಂದು. ಸಭೆಗೆ ಬಂದ ಜನ ಬಂದರು ಬೇಡ ಎಂದರು.

ಈ ಎರಡು ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಜಾಗ ಗೊತ್ತಾಯಿತು, ಕಂಪನಿ ಗೊತ್ತಾಯಿತು, ಖರ್ಚು ಗೊತ್ತಾಯಿತು, ಎಷ್ಟು ಟನ್ ಎಂಬುದೂ ಗೊತ್ತಾಯಿತು. ಊರಿನವರ ಅಹವಾಲು ಕೇಳಿದ್ದು ಅದಾಗಿ ಒಂದೂಮುಕ್ಕಾಲು ವರ್ಷಕ್ಕೆ. ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯನ್ನು ಕರೆದು "ನಿನಗೆ ಒಪ್ಪಿಗೆಯಾ?" ಎಂದು ಕೇಳಿದ ಹಾಗೆ. ಅವಳು ಬೇಡ ಎಂದರೆ ಮನೆಯವರಿಗೆ ಸಿಟ್ಟು. ಬೇಡ ಎನ್ನುವುದಕ್ಕೆ ಅವಳಿಗೆ ಸಿಕ್ಕ ಮೊದಲ ಅವಕಾಶವೇ ಅದು ಎನ್ನುವುದನ್ನು ಯಾರೂ ಯೋಚಿಸುವುದಿಲ್ಲ.

ಈ ಅಹವಾಲು ಸಭೆ ಎನ್ನುವುದು ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಕಲ್ಲುಗಣಿಯೋ ಕಾರ್ಖಾನೆಯೋ ಬಂದರೆ ನೀವೂ ಇಂಥ ಸಭೆಯಲ್ಲಿ ಕೂರಬೇಕಾದೀತು. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ, ದೊಡ್ಡ ಯೋಜನೆಗೆ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಜನರ ಸಭೆ ಕರೆಯಬೇಕು. 30 ದಿನ ಮೊದಲೇ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಕೆಳಗಿನ ಹಿರಿಯ ಅಧಿಕಾರಿ ಸಭೆ ನಡೆಸಬೇಕು. ಜನ ಹೇಳಿದ್ದನ್ನು ಬರೆದುಕೊಳ್ಳಬೇಕು, ವಿಡಿಯೋ ಮಾಡಬೇಕು.

ಇಷ್ಟು ಕೇಳಿದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಅದೇ ಅಧಿಸೂಚನೆ ಸಭೆ ಶುರು ಮಾಡಲು ಇಷ್ಟೇ ಜನ ಇರಬೇಕೆಂಬ ಕೋರಂ ಬೇಕಿಲ್ಲ ಎನ್ನುತ್ತದೆ. ನಮ್ಮ ಗ್ರಾಮಸಭೆಯಲ್ಲಿ ಬೀದಿದೀಪದ ವಿಷಯ ಮಾತಾಡಲು ಕೋರಂ ಬೇಕು, ಸಾವಿರಾರು ಕೋಟಿಯ ಬಂದರಿಗೆ ಬೇಡ! ಇನ್ನೊಂದು ವಿಷಯ, ಸಭೆಯಲ್ಲಿ ಇಡೀ ಊರು ಎದ್ದು ನಿಂತು ಬೇಡ ಎಂದರೂ ಅದು ತೀರ್ಪಲ್ಲ. ಜನ ಎತ್ತಿದ ಆಕ್ಷೇಪಗಳಿಗೆ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಬರೆದು ಕೊಡುತ್ತದೆ, ಆ ಫೈಲು ದೆಹಲಿಗೋ ಬೆಂಗಳೂರಿಗೋ ಹೋಗುತ್ತದೆ, ತೀರ್ಮಾನ ಅಲ್ಲಿ ಆಗುತ್ತದೆ. ಇದು ಅಹವಾಲು ಕೇಳುವ ಸಭೆ, ಊರನ್ನು ಜೊತೆಗೆ ಕೂರಿಸಿಕೊಂಡು ಯೋಜನೆ ಮಾಡುವ ಸಭೆಯಲ್ಲ. ನಮ್ಮ ತಕರಾರು ಇರುವುದು ಈ ಎರಡರ ನಡುವಿನ ವ್ಯತ್ಯಾಸದ ಮೇಲೆ.

ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಇದೇ ಕಥೆ. ಶರಾವತಿ ಕಡಲು ಸೇರುವ ಜಾಗ ಅದು. ಅಲ್ಲಿ ಖಾಸಗಿ ಬಂದರಿಗೆ ಒಪ್ಪಂದವಾದದ್ದು 2010ರಲ್ಲಿ. ಅಷ್ಟು ವರ್ಷ ಕಳೆದ ಮೇಲೂ ಜಗಳ ಮುಗಿದಿಲ್ಲ. 2025ರ ಫೆಬ್ರುವರಿಯಲ್ಲಿ ಬಂದರಿನ ರಸ್ತೆಗೆ ಸರ್ವೆ ಮಾಡಲು ಬಂದಾಗ ನಿಷೇಧಾಜ್ಞೆ, ಪೊಲೀಸರು, ಬಂಧನ, ಎಲ್ಲ ಆಯಿತು. ಜನ ಸಮುದ್ರಕ್ಕೇ ಇಳಿದು ಪ್ರತಿಭಟಿಸಿದರು.

ಟೊಂಕದ ಮರಳು ದಂಡೆಯಲ್ಲಿ ಮೀನು ಒಣಗಿಸುತ್ತಾರೆ. ಆ ಕೆಲಸ ಹೆಚ್ಚಾಗಿ ಹೆಂಗಸರದ್ದು. ನಮಗೆ ಕಣ ಇದ್ದ ಹಾಗೆ ಅವರಿಗೆ ಆ ಮರಳು. ರಾಗಿ ತೆನೆ ಬಡಿಯುವ ಕಾಲ ಬಿಟ್ಟು ಉಳಿದ ದಿನ ನಮ್ಮ ಕಣವೂ ಖಾಲಿ ಜಾಗದಂತೆಯೇ ಕಾಣುತ್ತದೆ. ಹೊರಗಿನಿಂದ ಬಂದ ಎಂಜಿನಿಯರ್ ಅದನ್ನು ನೋಡಿ "ಇಲ್ಲಿ ಏನೂ ಇಲ್ಲ" ಎಂದು ಬರೆದುಕೊಂಡರೆ ತಪ್ಪು ಅವರೊಬ್ಬರದೇ ಅಲ್ಲ, ಅವರಿಗೆ ಹೇಳಬೇಕಾದವರನ್ನು ಯಾರೂ ಕರೆದಿರಲಿಲ್ಲ. ಕಡಲಾಮೆಗಳು ಮೊಟ್ಟೆ ಇಡಲು ಬರುವ ದಡ ಅದು ಎನ್ನುವುದು ಕೂಡ ಮೊದಲು ಗೊತ್ತಿರುವುದು ಆ ದಡದಲ್ಲಿ ಬೆಳಗಿನ ಜಾವ ಓಡಾಡುವವರಿಗೇ.

ಅಂದರೆ ಜಗಳದ ಬೇರು ನಕ್ಷೆಯಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಕರಾವಳಿಯಲ್ಲಿ ನೆಂಟರಿದ್ದರೆ ಅವರಿಗೂ ಕಳಿಸಿ.

ಕರಾವಳಿಯಲ್ಲಿ ಎಲ್ಲಿ ಏನು ಕಟ್ಟಬಹುದು ಎಂಬುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಸಿಆರ್‌ಝಡ್ ಎನ್ನುತ್ತಾರೆ. 2011ರಲ್ಲಿ ಒಂದು ಅಧಿಸೂಚನೆ ಬಂತು, ಅದರ ಜಾಗಕ್ಕೆ 2019ರ ಜನವರಿಯಲ್ಲಿ ಹೊಸದು ಬಂತು. ಇವುಗಳ ಪ್ರಕಾರ ಪ್ರತಿ ರಾಜ್ಯವೂ ತನ್ನ ಕರಾವಳಿಯ ನಿರ್ವಹಣಾ ಯೋಜನೆ ತಯಾರಿಸಬೇಕು, ನಕ್ಷೆ ಸಮೇತ. 2011ರ ಅಧಿಸೂಚನೆ ಆ ನಕ್ಷೆಯ ಬಗ್ಗೆ ಬಹಳ ಸ್ಪಷ್ಟವಾಗಿ ಹೇಳಿತ್ತು. ಮೀನುಗಾರರ ಊರು, ಅವರು ಹಂಚಿಕೊಂಡು ಬಳಸುವ ಜಾಗ, ದೋಣಿ ಕಟ್ಟೆ, ಐಸ್ ಕಾರ್ಖಾನೆ, ಮೀನು ಒಣಗಿಸುವ ಜಾಗ, ಶಾಲೆ, ರಸ್ತೆ, ಆಸ್ಪತ್ರೆ, ಇಷ್ಟನ್ನೂ ಸರ್ವೆ ನಂಬರ್ ಮಟ್ಟದ ನಕ್ಷೆಯಲ್ಲಿ ಗುರುತಿಸಬೇಕು. ಮೀನುಗಾರ ಕುಟುಂಬಗಳು ಬೆಳೆದಂತೆ ಮುಂದೆ ಬೇಕಾಗುವ ಮನೆಗಳಿಗೂ ದೂರದ ಯೋಜನೆ ಮಾಡಬೇಕು.

ಇದು ಒಳ್ಳೆಯ ನಿಯಮ. ಇದನ್ನು ಮನಸ್ಸಿಟ್ಟು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಮೀನು ಒಣಗಿಸುವ ಜಾಗ ಉಪಗ್ರಹದ ಫೋಟೋದಲ್ಲಿ ಕಾಣಿಸುವುದಿಲ್ಲ. ಮಳೆಗಾಲದಲ್ಲಿ ದೋಣಿ ಎಳೆದಿಡುವ ಜಾಗ ಬೇಸಿಗೆಯಲ್ಲಿ ಬರೀ ಮರಳು. ಅದನ್ನು ಗುರುತಿಸಬೇಕೆಂದರೆ ಊರಿನವರ ಜೊತೆ ದಡದ ಮೇಲೆ ನಡೆಯಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ಗೆರೆ ಎಳೆದು, ವೆಬ್‌ಸೈಟಿನಲ್ಲಿ ಹಾಕಿ, "ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ಸಲ್ಲಿಸಿ" ಎಂದರೆ, ಬೆಳಗಿನ ಜಾವ ಮೂರಕ್ಕೆ ದೋಣಿ ಇಳಿಸುವವನು ಅದನ್ನು ಯಾವಾಗ ನೋಡಬೇಕು? ನಮ್ಮಲ್ಲಿ ಎಷ್ಟು ಜನ ನಮ್ಮ ಜಮೀನಿನ ಪಹಣಿಯನ್ನೇ ಎರಡು ವರ್ಷಕ್ಕೊಮ್ಮೆ ತೆಗೆಸಿ ನೋಡುತ್ತೇವೆ ಹೇಳಿ.

ನಕ್ಷೆಯಲ್ಲಿ ಇಲ್ಲದ ಕಣ, ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಆಮೇಲೆ ಪ್ರತಿಭಟನೆ ಮಾಡಿದರೆ "ಸರ್ಕಾರಿ ಜಾಗದಲ್ಲಿ ನಿಮಗೇನು ಕೆಲಸ" ಎನ್ನುತ್ತಾರೆ.

ಕೇಳದೆ ಮಾಡಿದ ಯೋಜನೆಯ ಪರಿಣಾಮ ಏನು ಎಂದು ತಿಳಿಯಲು ಕರಾವಳಿಯವರಿಗೆ ಪುಸ್ತಕ ಬೇಕಿಲ್ಲ, ರಂಪಣಿಯ ನೆನಪು ಸಾಕು. ರಂಪಣಿ ಎಂದರೆ ದಡದಿಂದಲೇ ಎಳೆಯುವ ಬಹಳ ಉದ್ದದ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಗುಂಪಿನ ಸುತ್ತ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ದಡದಲ್ಲಿ ಎರಡು ಕಡೆ ಸಾಲಾಗಿ ನಿಂತು ಎಳೆಯುತ್ತಾರೆ. ಒಂದು ದೊಡ್ಡ ರಂಪಣಿಗೆ ನೂರರ ಹತ್ತಿರ ಆಳು ಬೇಕು. ಬಲೆಯೂ ಪಾಲಿನದು, ಮೀನೂ ಪಾಲಿನದು. ಬಲೆ ಎಳೆಯಲು ಕೈ ಹಾಕಿದವರಿಗೆಲ್ಲ ಒಂದಷ್ಟು ಸಿಗುತ್ತಿತ್ತು. ಬಂಗುಡೆ, ಬೂತಾಯಿ ಹೆಚ್ಚಾಗಿ ಬರುತ್ತಿದ್ದುದು ಈ ಬಲೆಗೇ.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಗುಂಪು ದಡಕ್ಕೆ ಬರುವ ಮೊದಲೇ, ಕಡಲಿನ ಮಧ್ಯೆಯೇ ಸುತ್ತುವರಿದು ಎತ್ತಿಕೊಳ್ಳುವ ಯಂತ್ರದ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಸೊರಗಿತು. ದಡದಲ್ಲಿ ಕಾದು ನಿಂತವರಿಗೆ ಮೀನೇ ಬರಲಿಲ್ಲ. ಕೈಲಾದವರು ಸಾಲ ಮಾಡಿ ಯಂತ್ರದ ಬೋಟಿನಲ್ಲಿ ಪಾಲು ಹಾಕಿದರು, ಆಗದವರು ಅದೇ ಬೋಟಿಗೆ ಕೂಲಿ ಹೋದರು. ಉತ್ಪಾದನೆ ಹೆಚ್ಚಿಸುವುದು ಅಂದಿನ ಗುರಿಯಾಗಿತ್ತು, ಮೀನು ಹೆಚ್ಚು ಬಂತು ಕೂಡ. ಆ ಮೀನು ಎಷ್ಟು ಮನೆಗಳಿಗೆ ಹಂಚಿಹೋಗುತ್ತದೆ ಎಂಬ ಲೆಕ್ಕವನ್ನು ಯೋಜನೆ ಮಾಡಿದವರು ಹಾಕಿರಲಿಲ್ಲ. ರಂಪಣಿಯವರನ್ನು ಕರೆದು ಕೂರಿಸಿದ್ದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿರುತ್ತಿತ್ತು.

ಕಾರವಾರದ್ದು ಇನ್ನೊಂದು ಥರ. ಅಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ನಾಲ್ಕು ಸಾವಿರದಷ್ಟು ಕುಟುಂಬಗಳು ಊರು ಬಿಟ್ಟವು. ದೇಶದ ರಕ್ಷಣೆಯ ವಿಷಯ, ಅದರ ಬಗ್ಗೆ ನಾವು ಹಗುರವಾಗಿ ಮಾತಾಡುವುದಿಲ್ಲ. ಆದರೆ ಅಷ್ಟು ದಡ ಬಿಟ್ಟುಕೊಟ್ಟ ಊರಿನವರಿಗೆ ಉಳಿದ ದಡದ ಬೆಲೆ ಎಷ್ಟು ಹೆಚ್ಚಿರುತ್ತದೆ ಎಂದು ಯೋಚಿಸಿ. 2020ರ ಜನವರಿಯಲ್ಲಿ, ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರು ವಿಸ್ತರಿಸಲು ಟ್ಯಾಗೋರ್ ಕಡಲತೀರದಲ್ಲಿ ಕಾಮಗಾರಿ ಶುರುವಾಯಿತು. ಪೊಲೀಸ್ ಕಾವಲು ಇಟ್ಟುಕೊಂಡು. ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ಜನರನ್ನು ಕೇಳುತ್ತ ಕೂತರೆ ಅಭಿವೃದ್ಧಿ ತಡವಾಗುತ್ತದೆ ಎನ್ನುವವರು ಕಾಸರಕೋಡು ಮತ್ತು ಕಾರವಾರದ ಕ್ಯಾಲೆಂಡರ್ ನೋಡಬೇಕು. ಕೇಳದೆ ಹೋದದ್ದರಿಂದ ಎಷ್ಟು ವರ್ಷ ಉಳಿಯಿತು?

ಹಾಗಂತ ಊರಿನವರೆಲ್ಲ ಒಳ್ಳೆಯವರು, ಸರ್ಕಾರದವರೆಲ್ಲ ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಕಡಲಿನ ಊರಲ್ಲಿ ಒಂದೇ ಧ್ವನಿ ಇಲ್ಲ. ಟ್ರಾಲ್ ಬೋಟಿನವರಿಗೂ ನಾಡದೋಣಿಯವರಿಗೂ ಆಗಿಬರುವುದಿಲ್ಲ. ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದನ್ನೂ, ಎರಡು ಬೋಟು ಜೋಡಿಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಅನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಆದರೂ ನಡೆಯುತ್ತಿದೆ ಎಂಬ ದೂರು ನಿಂತಿಲ್ಲ. ಮಾಡುವವರು ಹೊರದೇಶದವರಲ್ಲ, ಅದೇ ಕರಾವಳಿಯ ಬೋಟು ಮಾಲೀಕರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಇರುವುದನ್ನು ಹೆಚ್ಚಿನವರು ಪಾಲಿಸುತ್ತಾರೆ. ಮರಿ ಹಾಕುವ ಕಾಲದಲ್ಲಿ ಕಡಲಿಗೆ ಬಿಡುವು ಬೇಕೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಸಣ್ಣ ಕಣ್ಣಿನ ಬಲೆಯಲ್ಲಿ ಮರಿ ಮೀನು ಬಳಿದು ಮೀನುಹುಡಿ ಕಾರ್ಖಾನೆಗೆ ಹಾಕುವವರೂ ಇದ್ದಾರೆ.

ಆದ್ದರಿಂದ "ಸ್ಥಳೀಯರನ್ನು ಕೇಳಿ" ಎಂದರೆ ಯಾವ ಸ್ಥಳೀಯರನ್ನು ಎಂದೂ ಹೇಳಬೇಕು. ಬಂದರಿನ ಬೋಟು ಮಾಲೀಕರ ಸಂಘದ ಅಧ್ಯಕ್ಷರನ್ನು ಕರೆದು ಚಹಾ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯುವುದಿಲ್ಲ. ಮೀನು ಒಣಗಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರು ಅಲ್ಲಿ ಕೂರಬೇಕು. ನಾಡದೋಣಿಯವರು ಕೂರಬೇಕು. ಬೇರೆ ರಾಜ್ಯಗಳಿಂದ ಬಂದು ಬೋಟಿನಲ್ಲಿ ದುಡಿಯುವ ಆಳುಗಳ ಮಾತನ್ನಂತೂ ಯಾರೂ ಎತ್ತುವುದಿಲ್ಲ. ನಮ್ಮ ಕಡೆಯ ಅನುಭವ ನಿಮಗೆ ಗೊತ್ತೇ ಇದೆ: ನೀರು ಬಳಕೆದಾರರ ಸಂಘ ಎಂದು ಮಾಡಿದರೆ, ಕಾಲುವೆಯ ತಲೆಯಲ್ಲಿ ಜಮೀನಿರುವವರೇ ಅಧ್ಯಕ್ಷರಾಗುತ್ತಾರೆ, ಕೊನೆಯಲ್ಲಿರುವವನಿಗೆ ಸಭೆಯ ನೋಟಿಸೂ ಸೇರುವುದಿಲ್ಲ, ನೀರೂ ಸೇರುವುದಿಲ್ಲ.

ಸರಿಯಾಗಿ ಮಾಡಿದ ಕಡೆಯೂ ಇದೆ, ಅದೂ ಪಕ್ಕದ ಕೇರಳದಲ್ಲೇ. ಕೊಲ್ಲಂ ಹತ್ತಿರ ಅಷ್ಟಮುಡಿ ಎಂಬ ಹಿನ್ನೀರಿನ ಸರೋವರ ಇದೆ. ಅಲ್ಲಿನ ಜನ ನೀರಿಗಿಳಿದು ಚಿಪ್ಪಿ ಹೆಕ್ಕಿ ಬದುಕುತ್ತಾರೆ. ಹೊರದೇಶದಲ್ಲಿ ಬೇಡಿಕೆ ಬಂದು ಸಿಕ್ಕಾಪಟ್ಟೆ ಹೆಕ್ಕಿದ್ದರಿಂದ 1990ರ ದಶಕದ ಆರಂಭದಲ್ಲಿ ಚಿಪ್ಪಿ ಕಡಿಮೆಯಾಯಿತು. ಆಗ ಚಿಪ್ಪಿ ಹೆಕ್ಕುವವರು, ವಿಜ್ಞಾನಿಗಳು, ಅಧಿಕಾರಿಗಳು ಸೇರಿ ಕಟ್ಟುಪಾಡು ಮಾಡಿಕೊಂಡರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೆಕ್ಕುವಂತಿಲ್ಲ, ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣದಿರಬಾರದು, ಮರಿ ಚಿಪ್ಪಿ ಮಾರುವಂತಿಲ್ಲ. ಚಿಪ್ಪಿ ಮತ್ತೆ ಹೆಚ್ಚಿತು. 2014ರಲ್ಲಿ ಈ ಮೀನುಗಾರಿಕೆಗೆ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲನೆಯದು. ನೀರಿನಲ್ಲಿ ದಿನಾ ಮುಳುಗುವವರು ಒಪ್ಪಿ ಮಾಡಿದ ನಿಯಮವಾದ್ದರಿಂದ ಅದು ನಡೆಯಿತು. ಕೇರಳ ಆಮೇಲೆ ತನ್ನ ಕಡಲ ಮೀನುಗಾರಿಕೆ ಕಾಯ್ದೆಯನ್ನು ತಿದ್ದಿ ಊರು, ಜಿಲ್ಲೆ, ರಾಜ್ಯ ಎಂದು ಮೂರು ಹಂತದಲ್ಲಿ ಮೀನುಗಾರಿಕೆ ನಿರ್ವಹಣಾ ಮಂಡಳಿಗಳಿಗೆ ಜಾಗ ಕೊಟ್ಟಿತು. ನಮ್ಮ ರಾಜ್ಯದ ಕಡಲ ಮೀನುಗಾರಿಕೆ ಕಾಯ್ದೆ 1986ರದ್ದು. ಅದನ್ನು ತೆಗೆದು ನೋಡುವ ಕಾಲ ಬಂದಿದೆ.

ಅಷ್ಟಮುಡಿಯಂಥ ಜಾಗ ನಮ್ಮಲ್ಲೂ ಇದೆ. ಕುಮಟಾ ಬಳಿ ಕಡಲು ಸೇರುವ ಅಘನಾಶಿನಿ. ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಹೊಳೆ. ಅದರ ಅಳಿವೆಯಲ್ಲಿ ಹೆಂಗಸರು ಗಂಡಸರು ಇಳಿತದ ಹೊತ್ತಿಗೆ ಚಿಪ್ಪಿ ಹೆಕ್ಕುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಸಾಯದ ಕಗ್ಗ ಭತ್ತ ಬೆಳೆಯುತ್ತಾರೆ, ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಅಲ್ಲೇ ತದಡಿಯಲ್ಲಿ ಒಮ್ಮೆ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನ ಪಟ್ಟು ಹಿಡಿದು ವಿರೋಧಿಸಿದರು, ಅದು ನಿಂತಿತು. 2024ರ ಜನವರಿಯಲ್ಲಿ ಅದೇ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದು ಎಂಬ ಮಾನ್ಯತೆ. ಈಗಲೂ ಅದೇ ಭಯ: ರಾಮ್ಸಾರ್ ಬೋರ್ಡು ನೆಟ್ಟು, ಒಳಗೆ ಏನು ಮಾಡಬಹುದು ಏನು ಬಾರದು ಎಂದು ಬೆಂಗಳೂರಿನಲ್ಲಿ ಬರೆದು ತಂದು, ಚಿಪ್ಪಿ ಹೆಕ್ಕುವವಳಿಗೆ "ಇಲ್ಲಿ ಇಳಿಯಬೇಡ" ಎಂದರೆ? ಬಂದರು ಕಟ್ಟುವವರು ಕೇಳದೆ ಇರುವುದು ಎಷ್ಟು ತಪ್ಪೋ, ಪರಿಸರ ಉಳಿಸುವವರು ಕೇಳದೆ ಇರುವುದೂ ಅಷ್ಟೇ ತಪ್ಪು.

ಕಾಡಿನಲ್ಲಿ ಬದುಕುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಅದರ ಬಲದ ಮೇಲೆಯೇ 2013ರಲ್ಲಿ ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಗಣಿ ಬೇಕೋ ಬೇಡವೋ ಎಂದು ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಹನ್ನೆರಡು ಹಳ್ಳಿಗಳು ಸಭೆ ಸೇರಿದವು, ಹನ್ನೆರಡೂ ಬೇಡ ಎಂದವು. ಗಣಿ ಬರಲಿಲ್ಲ. ಕಡಲ ದಡದವರಿಗೆ ಅಂಥ ಕಾಯ್ದೆ ಇಲ್ಲ. ಬೇಕು ಎನ್ನುವುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಕನಿಷ್ಠ ಇಷ್ಟಾದರೂ ಆಗಲಿ: ಕಂಪನಿಗೆ ಪತ್ರ ಕೊಡುವ ಮೊದಲು ಆ ದಡದ ಗ್ರಾಮಸಭೆಯಲ್ಲಿ ವಿಷಯ ಬರಲಿ, ದಡದ ನಕ್ಷೆಯನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ, ಹೆಂಗಸರಿಗೆ ಬೇರೆಯೇ ಸಭೆ ಕರೆಯಲಿ. ಬಂದರಿನಿಂದ ಕೆಲಸ ಬರುತ್ತದೆ ಎಂದು ನಂಬುವ ಊರು ಇದ್ದರೆ ಅದು ಬೇಕು ಎನ್ನಲಿ, ಯಾವ ಕೆಲಸ, ಯಾರಿಗೆ, ಎಷ್ಟು ವರ್ಷಕ್ಕೆ ಎಂದು ಬರೆಸಿಕೊಳ್ಳಲಿ. ಅದಕ್ಕೆ ನಮ್ಮ ತಕರಾರಿಲ್ಲ.

ಇನ್ನು ನಮ್ಮ ಊರುಗಳ ಮಾತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿ ಇದೆ. ಐದನೆಯದು ಮೀನುಗಾರಿಕೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಊರಿನ ಮೀನುಗಾರಿಕೆ ಅಭಿವೃದ್ಧಿ ಗ್ರಾಮ ಪಂಚಾಯ್ತಿಯ ಕೆಲಸಗಳಲ್ಲಿ ಸೇರಿದೆ. ಆದರೆ ನಿಮ್ಮ ಊರಿನ ಕೆರೆಯ ಮೀನು ಪಾಶುವಾರು ಈಗ ಯಾರ ಹೆಸರಲ್ಲಿದೆ, ಎಷ್ಟಕ್ಕೆ ಹೋಯಿತು, ಯಾವ ವರ್ಷದವರೆಗೆ, ನಿಮಗೆ ಗೊತ್ತಾ? ಕೆರೆಗೆ ನೀರು ಬಂದ ಮೇಲೆ ಒಂದು ದಿನ ಯಾರೋ ಟೆಂಪೋದಲ್ಲಿ ಮರಿ ತಂದು ಬಿಡುತ್ತಾರೆ, ಏರಿ ಮೇಲೆ ಗಾಳ ಹಾಕಿ ಕೂತ ಹುಡುಗನನ್ನು ಓಡಿಸುತ್ತಾರೆ. ಆಗಲೇ ನಮಗೆ ಕೆರೆ ಹರಾಜಾಗಿದೆ ಎಂದು ಗೊತ್ತಾಗುವುದು. ತಲೆತಲಾಂತರದಿಂದ ಹೊಳೆಯಲ್ಲಿ, ಕೆರೆಯಲ್ಲಿ ಬಲೆ ಹಾಕುತ್ತಿದ್ದ ಮನೆಗಳವರು ಗುತ್ತಿಗೆದಾರನ ಬಲೆ ಎಳೆಯಲು ಕೂಲಿಗೆ ಹೋಗುತ್ತಾರೆ. ರಂಪಣಿಯವರ ಕಥೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಕೆರೆ ಹೂಳೆತ್ತುವ ಯೋಜನೆಯೂ ಹಾಗೇ. ಜೆಸಿಬಿ ಬಂದು ನಿಂತ ಮೇಲೆ ಊರಿಗೆ ತಿಳಿಯುತ್ತದೆ. ಎಲ್ಲಿ ಆಳ ಮಾಡಬೇಕು, ದನ ನೀರಿಗಿಳಿಯುವ ಇಳಿಜಾರು ಎಲ್ಲಿ ಬಿಡಬೇಕು, ಮೀನು ಮರಿ ಮಾಡುವ ಜೊಂಡು ಎಲ್ಲಿ ಉಳಿಸಬೇಕು ಎಂದು ಕೆರೆಯ ಪಕ್ಕದ ಮುದುಕರನ್ನು ಕೇಳಿದ್ದನ್ನು ನಾವು ಕಂಡಿಲ್ಲ.

ತಗಡೂರು ರಾಮಚಂದ್ರರಾಯರು ಖಾದಿ ಕಟ್ಟಿ ಬೆಳೆಸಿದ ಊರು ಇದು. ಅತ್ತ ಕೇಣಿಯ ಪಕ್ಕದ ಅಂಕೋಲಾ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು. ಇಲ್ಲಿ ನೂಲು, ಅಲ್ಲಿ ಉಪ್ಪು. ನಮ್ಮ ಬಟ್ಟೆ, ನಮ್ಮ ಉಪ್ಪಿನ ವಿಷಯ ಎಲ್ಲೋ ಕೂತವರು ನಿರ್ಧರಿಸಬಾರದು ಎಂದು ಎರಡೂ ಊರು ಒಂದೇ ಕಾಲದಲ್ಲಿ ಹೇಳಿದವು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಈ ಸಲ ನಿಮ್ಮ ಪಂಚಾಯ್ತಿಯಲ್ಲಿ ಸಭೆ ಕರೆದಾಗ ಎರಡು ಕಾಗದ ಕೇಳಿ: ಕೆರೆಯ ಪಾಶುವಾರು ಗುತ್ತಿಗೆಯ ಪ್ರತಿ, ಕೆರೆಯ ಸರ್ವೆ ನಕ್ಷೆ. ಕೊಡದಿದ್ದರೆ ಪಂಚಾಯ್ತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಕ್ಷೆ ಸಿಕ್ಕ ದಿನ ಮೀನು ಹಿಡಿಯುವ ಮನೆಯವರೊಬ್ಬರನ್ನು ಕರೆದುಕೊಂಡು ಏರಿಯ ಮೇಲೆ ಒಂದು ಸುತ್ತು ನಡೆದು, ಅದರಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಗುರುತು ಹಾಕಿಕೊಂಡು ಸಭೆಗೆ ಹೋಗಿ.